ಗಡಿಯಲ್ಲಿ ಕೂತ ಸೋದರಮಾವ

ಆರು ದೇಶಕ್ಕೂ ಸೇರಿ ಒಂದೇ ಟೂರಿಸ್ಟ್ ವೀಸಾ ಬರ್ತದಂತೆ. ಮೊನ್ನೆ ಆಫೀಸಿನಲ್ಲಿ ಚಹಾ ಕುಡಿಯುವಾಗ ಜೊತೆಯವರೊಬ್ಬರು ಮೊಬೈಲ್ ನೋಡಿ ಓದಿದರು. ಬರಲಿ, ಸಂತೋಷ. ಕೊಲ್ಲಿಯ ಈ ಒಕ್ಕೂಟದ ಬಗ್ಗೆ ಇಂಥ ಅಂತೆಕಂತೆಗಳನ್ನು ಕುವೈತಿಗೆ ಬಂದಂದಿನಿಂದ ಕೇಳ್ತಾ ಇದ್ದೇನೆ. ರೈಲು ಬರ್ತದಂತೆ, ಆರೂ ಕಡೆ ಒಂದೇ ಹಣ ಬರ್ತದಂತೆ. ಬಂದಾಗ ನೋಡುವ. ಆ ಸುದ್ದಿ ಕೇಳಿ ನನಗೆ ನೆನಪಾದದ್ದು ಕೆಲವು ವರ್ಷದ ಹಿಂದಿನ ಒಂದು ಶುಕ್ರವಾರ.

ನನ್ನ ಕೆಲಸ ಕಾಗದದ್ದು. ಹಡಗಿನಲ್ಲಿ ಬಂದ ಸಾಮಾನು ಲಾರಿ ಹತ್ತಿ ಗಡಿ ದಾಟಬೇಕಾದರೆ ಅದರ ಬೆನ್ನಿಗೆ ಒಂದು ಕಟ್ಟು ಕಾಗದ ಹೋಗಬೇಕು. ಎಲ್ಲಿ ತಯಾರಾದದ್ದು, ಯಾರು ಕಳಿಸಿದ್ದು, ಎಷ್ಟು ತೂಕ, ಯಾವ ಸೀಲು. ಕುವೈತ್, ಸೌದಿ, ಕತಾರ್, ಬಹ್ರೇನ್, ಎಮಿರೇಟ್ಸ್, ಒಮಾನ್ ಆರೂ ಒಂದೇ ಮನೆ ಅಂತ ಒಕ್ಕೂಟದ ನಿಯಮ ಹೇಳ್ತದೆ. ಒಂದು ಬಾಗಿಲಲ್ಲಿ ಸುಂಕ ಕಟ್ಟಿದರೆ ಇನ್ನೊಂದು ಬಾಗಿಲಲ್ಲಿ ಕಟ್ಟಬೇಕಾಗಿಲ್ಲ. ಹಾಗಂತ ಲಾರಿ ಸಲೀಸಾಗಿ ಹೋಗ್ತದಾ? ಎಲ್ಲಿಂದ! ಸೌದಿ ಕಡೆಯ ನುವೈಸೀಬ್ ಗಡಿಯಲ್ಲಿ ಬಿಸ್ಕತ್ತಿನ ಪೆಟ್ಟಿಗೆ ಕೂಡ ದಿನಗಟ್ಟಲೆ ಬಿಸಿಲು ಕಾಯ್ತದೆ. ಒಂದು ಸೀಲು ಸರಿ ಬೀಳಲಿಲ್ಲ ಅಂತ ನನ್ನ ಫೋನು ಬಡಿದುಕೊಳ್ತದೆ.

ಆಫೀಸಿನ ದಣಿ ಕುವೈತಿ. ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ದೊಡ್ಡದು. ನನ್ನನ್ನು ತಮಾಷೆಗೆ 'ಯಾ ಮುದೀರ್' ಅಂತ ಕರೀತಾನೆ, ಅಂದರೆ ಓ ಮ್ಯಾನೇಜರೇ ಅಂತ. ಒಕ್ಕೂಟದ ಮಾತು ಬಂದರೆ ಅವನದು ಒಂದು ದಿನ ಒಂದು ರಾಗ. "ನಮ್ಮ ಮನೆಯನ್ನೇ ನೆರೆಯವನು ನುಂಗಿದಾಗ ನಾವು ಓಡಿದ್ದು ಈ ಅಣ್ಣತಮ್ಮಂದಿರ ಮನೆಗೆ. ಅದನ್ನು ಮರೆತರೆ ನಾನು ಮನುಷ್ಯನೇ ಅಲ್ಲ" ಅಂತ ಒಂದು ದಿನ ಕಣ್ಣು ಒದ್ದೆ ಮಾಡಿಕೊಳ್ತಾನೆ. ಮರುದಿನ ಅದೇ ಬಾಯಲ್ಲಿ, "ನಮ್ಮ ದೀನಾರನ್ನು ಅವರ ಹಣದ ಜೊತೆ ಕಲಸಬೇಕಂತೆ! ನಮ್ಮ ದಿವಾನಿಯಾದಲ್ಲಿ ನಾವೇನು ಮಾತಾಡ್ತೇವೆ ಅಂತ ಅವರ ಪೊಲೀಸರಿಗೆ ಲೆಕ್ಕ ಕೊಡಬೇಕಂತೆ! ನಾವೇನು ಅವರ ಜಿಲ್ಲೆಯಾ?" ಅಂತ ಮೇಜು ಕುಟ್ಟುತ್ತಾನೆ. ದಿವಾನಿಯಾ ಅಂದರೆ ಇಲ್ಲಿಯ ಗಂಡಸರು ಕೂತು ಹರಟುವ ಚಾವಡಿ. ಕುವೈತಿನವರಿಗೆ ಊಟ ಬಿಟ್ಟರೂ ಚಾವಡಿ ಬಿಡಲಿಕ್ಕಾಗುವುದಿಲ್ಲ. ಅಣ್ಣಂದಿರು ಪಕ್ಕದ ಮನೆಯಲ್ಲಿ ಇರಬೇಕು, ನಮ್ಮ ಅಡುಗೆಮನೆಗೆ ಬರಬಾರದು, ಇಷ್ಟೇ ಅವನ ತತ್ತ್ವ. ಊರಲ್ಲಿ ಪಾಲು ಮಾಡಿಕೊಂಡ ಕುಟುಂಬಗಳನ್ನು ನೋಡಿ ಬೆಳೆದವ ನಾನು, ನನಗೆ ಅದು ಚೆನ್ನಾಗಿ ಅರ್ಥ ಆಗ್ತಿತ್ತು.

ಅಂಥ ಹೊತ್ತಿನಲ್ಲಿ ಆ ಜಗಳ ಎದ್ದಿತು. ಒಕ್ಕೂಟದ ಮೂರು ದೇಶಗಳು ಸೇರಿ ಕತಾರಿನ ಮುಖಕ್ಕೆ ಬಾಗಿಲು ಹಾಕಿದವು. ಸೌದಿಯಿಂದ ದೋಹಾಕ್ಕೆ ಹೋಗುವ ರಸ್ತೆ ಬಂದ್, ವಿಮಾನ ಬಂದ್. ಕುವೈತ್ ಆ ಕಡೆಗೂ ಸೇರಲಿಲ್ಲ, ಈ ಕಡೆಗೂ ಸೇರಲಿಲ್ಲ. ಇಲ್ಲಿನ ಹಿರಿಯರು ಆ ಊರಿಂದ ಈ ಊರಿಗೆ, ಈ ಊರಿಂದ ಆ ಊರಿಗೆ ಸಂಧಾನಕ್ಕೆ ಹಾರಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ದಣಿಯ ಹೆಂಡತಿ ಸೌದಿ ಕಡೆಯವಳು, ತಾಯಿಯ ತಂಗಿ ಇರುವುದು ದೋಹಾದಲ್ಲಿ. ಅವನು ಆ ತಿಂಗಳುಗಳಲ್ಲಿ ಮೇಜು ಕುಟ್ಟುವುದನ್ನೇ ನಿಲ್ಲಿಸಿದ. "ಮಧ್ಯಸ್ಥನಿಗೆ ಎರಡು ಕಡೆಯೂ ಕಾಫಿ ಕೊಡ್ತಾರೆ, ಎರಡು ಕಡೆಯೂ ನಂಬುವುದಿಲ್ಲ" ಅಂದ ಒಂದು ಸಲ.

ನನ್ನ ಅಕ್ಕ ಇರುವುದೂ ದೋಹಾದಲ್ಲೇ. ಭಾವ ಅಲ್ಲಿ ಅಕೌಂಟೆಂಟ್. ಅವರ ಒಬ್ಬಳೇ ಮಗಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅವಳಿಗೆ ಸೌದಿಯ ದಮ್ಮಾಮಿನಲ್ಲಿರುವ ಉಡುಪಿ ಕಡೆಯ ಹುಡುಗನೊಬ್ಬನ ಸಂಬಂಧ ಬಂದಿತ್ತು. ಎಂಜಿನಿಯರ್. ಜಾತಕ ಕೂಡಿತ್ತು, ಊರಲ್ಲಿ ಒಮ್ಮೆ ನೋಡಿಯೂ ಆಗಿತ್ತು, ಆಮೇಲೆ ತಿಂಗಳುಗಟ್ಟಲೆ ಫೋನಿನಲ್ಲಿ ಮಾತು. ಜಗಳ ಇಲ್ಲದಿದ್ದರೆ ಹುಡುಗನ ಮನೆಯವರು ಬೆಳಗ್ಗೆ ಕಾರು ಹತ್ತಿ ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆಯಲ್ಲಿ ಇರ್ತಿದ್ದರು. ಈಗ ಎದುರುಬದುರಿನ ಎರಡು ಊರು ಸಪ್ತಸಾಗರದ ಆಚೆ ಈಚೆ ಆದವು. ಜೋಯಿಸರು ಬೇರೆ, ಈ ತಿಂಗಳು ದಾಟಿದರೆ ಮುಂದಿನ ವರ್ಷ ಅಂದುಬಿಟ್ಟಿದ್ದರು.

"ನಿನ್ನ ಮನೆ ಉಂಟಲ್ಲ ಮಾರಾಯ" ಅಂದಳು ಅಕ್ಕ ಫೋನಿನಲ್ಲಿ. "ಕುವೈತಿಗೆ ನಾವೂ ಬರಬಹುದು, ಅವರೂ ಬರಬಹುದು. ಅಲ್ಲೇ ವೀಳ್ಯ ಬದಲಾಯಿಸುವ. ಹೇಗೂ ಸೋದರಮಾವ ನೀನು ಅಲ್ಲೇ ಇದ್ದೀ."

ನಮ್ಮಲ್ಲಿ ನಿಶ್ಚಯಕ್ಕೆ ಅಪ್ಪ ಇದ್ದರೆ ಸಾಲದು, ಸೋದರಮಾವ ಬೇಕು. ಹುಡುಗಿಯ ಮಾವ, ಹುಡುಗನ ಮಾವ ಎದುರುಬದುರು ಕೂತು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟ ಹರಿವಾಣ ಬದಲಾಯಿಸಿಕೊಳ್ಳಬೇಕು. ಅದಾದರೆ ಮಾತು ನಿಂತಿತು, ಅದಾಗದಿದ್ದರೆ ಎಷ್ಟು ಉಂಗುರ ಹಾಕಿದರೂ ಅಷ್ಟಕ್ಕಷ್ಟೆ. ಹುಡುಗನ ಅಪ್ಪ ಚಿಕ್ಕಂದಿನಲ್ಲೇ ತೀರಿಕೊಂಡವರು. ಓದಿಸಿ ಬೆಳೆಸಿದ್ದು ದಮ್ಮಾಮಿನಲ್ಲೇ ಇರುವ ಸೋದರಮಾವ. ಮದುವೆ ಕೂಡ ಆಗದೆ ತಂಗಿಯ ಸಂಸಾರವನ್ನೇ ತನ್ನದು ಅಂದುಕೊಂಡ ಮನುಷ್ಯ. ಯಾವುದೋ ಸೂಪರ್ ಮಾರ್ಕೆಟಿನಲ್ಲಿ ಸ್ಟೋರ್ ಇನ್‌ಚಾರ್ಜ್ ಅಂತ ಹೇಳಿದ್ದರು.

ಅಕ್ಕನ ಮಗಳು ಅದೇ ಸಂಜೆ ಬೇರೆಯಾಗಿ ಫೋನ್ ಮಾಡಿದಳು. ಅವಳಿಗೆ ಕನ್ನಡ, ತುಳು ಎರಡೂ ಕೇಳಿದರೆ ಗೊತ್ತಾಗ್ತದೆ, ಬಾಯಿ ತೆರೆದರೆ ಇಂಗ್ಲಿಷ್. "ಮಾವ, ಐ ರಿಯಲಿ ಲೈಕ್ ಹಿಮ್. ಅಮ್ಮನಿಗೆ ಹೇಳ್ಬೇಡಿ. ಬಟ್ ಇದು ಆಗ್ಲೇಬೇಕು, ಪ್ಲೀಸ್" ಅಂದಳು. ಮದುವೆ ಬೇಡ ಅಂತ ಮೂರು ವರ್ಷ ಎಲ್ಲರನ್ನೂ ಓಡಿಸಿದ ಹುಡುಗಿ! ನನಗೆ ನಗು ಬಂತು. "ಕಾಗದದ ವಿಷಯ ನನಗೆ ಬಿಡು" ಅಂದೆ, ದೊಡ್ಡ ಜನದ ಹಾಗೆ.

ಎರಡೂ ಕಡೆಯವರಿಗೆ ಹೇಳಿದೆ: ಪಾಸ್‌ಪೋರ್ಟ್ ಆರು ತಿಂಗಳು ಬಾಳಬೇಕು, ಇಕಾಮಾದ, ಅಂದರೆ ಅಲ್ಲಿ ಇರಲಿಕ್ಕೆ ಕೊಟ್ಟ ಪರವಾನಗಿಯ, ತಾರೀಖು ನೋಡಿಕೊಳ್ಳಿ, ಸೌದಿಯಿಂದ ಹೊರಬಿದ್ದು ಒಳಹೋಗುವ ಅನುಮತಿ ಮಾಡಿಸಿಕೊಳ್ಳಿ, ಫೋಟೋ ಹಿಡಿದುಕೊಳ್ಳಿ. ಒಕ್ಕೂಟದ ಊರಲ್ಲಿ ಇರುವವರಿಗೆ ಗಡಿಯಲ್ಲೇ ವೀಸಾ ಹೊಡೀತಾರೆ. ಎಲ್ಲ ಕೇಳಿದೆ, ಎಲ್ಲ ಹೇಳಿದೆ. ಒಂದು ಮಾತ್ರ ಕೇಳಲಿಲ್ಲ. ಆ ವೀಸಾ ಎಲ್ಲರಿಗೂ ಇಲ್ಲ. ಡಾಕ್ಟರ್, ಎಂಜಿನಿಯರ್, ಅಕೌಂಟೆಂಟ್, ಮ್ಯಾನೇಜರ್, ಇಂಥವರಿಗೆ ಮತ್ತು ಅವರ ಮನೆಯವರಿಗೆ ಮಾತ್ರ. ಇಕಾಮಾದಲ್ಲಿ ಉದ್ಯೋಗ ಅಂತ ಏನು ಬರೆದಿದೆ ಅಂತ ನಾನು ಆ ಮಾವನನ್ನು ಕೇಳಬೇಕಿತ್ತು.

ಅದನ್ನು ನಾವು ಯಾರೂ ಯಾರನ್ನೂ ಕೇಳುವುದಿಲ್ಲ. ಗಲ್ಫಿನಲ್ಲಿ ಅದು ನಮ್ಮವರ ಅಲಿಖಿತ ಕಾನೂನು. ಸಿಕ್ಕಿದ ವೀಸಾ ಹಿಡಿದು ಬಂದವರು ನಾವು. ಬಡಗಿ ಅಂತ ಬಂದವ ಗಲ್ಲಾದಲ್ಲಿ ಕೂತಿರ್ತಾನೆ, ಮನೆ ಡ್ರೈವರ್ ಅಂತ ಬಂದವ ಬ್ಯೂಟಿ ಪಾರ್ಲರಿಗೆ ಸಾಮಾನು ಮಾರ್ತಾನೆ. ಸಂಬಳ ಕೇಳಿದರೂ ಹೇಳಿಯಾರು, ಕಾರ್ಡು ತೋರಿಸಲಿಕ್ಕಿಲ್ಲ. ಕೇಳಿದವನೂ ತನ್ನದನ್ನು ಹೇಳಬೇಕಾಗ್ತದಲ್ಲ! ಹಾಗಾಗಿ ಸ್ಟೋರ್ ಇನ್‌ಚಾರ್ಜ್ ಅಂದರು, ನಾನು ಹೌದಾ ಅಂದೆ, ಮುಗಿಯಿತು. ಕಾಗದವೇ ಅನ್ನ ಕೊಡುವ ನನಗೆ ಅಷ್ಟು ಗೊತ್ತಾಗಲಿಲ್ಲ ಅಂತ ಹೇಳಿದರೆ ನಾಯಿ ಕೂಡ ನಂಬಲಿಕ್ಕಿಲ್ಲ. ಗೊತ್ತಿತ್ತು. ಬಾಯಿ ಬರಲಿಲ್ಲ.

ಗುರುವಾರವೇ ಅಕ್ಕ, ಭಾವ, ಮಗಳು ಮೂವರೂ ವಿಮಾನದಲ್ಲಿ ಬಂದಿಳಿದರು. ನನ್ನ ಫರ್ವಾನಿಯಾದ ಮನೆ ಎರಡು ಕೋಣೆಯದು. ಹೆಂಡತಿ ಊರಲ್ಲಿದ್ದಳು, ಹೆರಿಗೆಗೆ ಬಂದ ಮಗಳ ಬಾಣಂತನದಲ್ಲಿ. ಸೋಫಾ ಎತ್ತಿ ಗೋಡೆಗೆ ಒರಗಿಸಿ ಚಾಪೆ ಹಾಸಿದೆ. ವೀಳ್ಯದೆಲೆ ನಮ್ಮ ಕಡೆಯ ಬ್ಯಾರಿಯವರ ಅಂಗಡಿಯಲ್ಲಿ ಹೇಳಿಟ್ಟಿದ್ದೆ. "ಎಂತ ಮಾರಾಯ್ರೆ, ನೂರು ಎಲೆ ನೀವೊಬ್ಬರೇ ಜಗಿಯುವುದಾ?" ಅಂತ ಅವರು ತಮಾಷೆ ಮಾಡಿ, ವಿಷಯ ಗೊತ್ತಾದ ಮೇಲೆ ಬಾಡಿದ ಎಲೆ ಒಂದೊಂದೇ ತೆಗೆದು ಬೇರೆ ಹಾಕಿ ಕೊಟ್ಟರು. ಅಕ್ಕ ಬೆಳಗ್ಗೆ ಬೇಗನೆ ಎದ್ದು ಕಡಲೆಬೇಳೆ ಪಾಯಸ ಇಟ್ಟಳು. ಮಗಳು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಆಗೊಮ್ಮೆ ಈಗೊಮ್ಮೆ ಕಿಟಕಿಗೆ ಹೋಗ್ತಿದ್ದಳು. ಮುಹೂರ್ತ ಹನ್ನೆರಡರ ಒಳಗೆ.

ಒಂಬತ್ತೂವರೆಗೆ ಫೋನ್ ಬಂತು. ಹುಡುಗನ ಮಾವ. ಹಿಂದೆ ಲಾರಿಗಳ ಸದ್ದು.

"ನಾವು ನುವೈಸೀಬಿನಲ್ಲಿದ್ದೇವೆ" ಅಂದರು ಮೆಲ್ಲಗೆ. "ಅಳಿಯನಿಗೆ, ತಂಗಿಗೆ ಹೊಡೆದು ಕೊಟ್ಟರು. ನನಗೆ ಕೊಡುವುದಿಲ್ಲ ಅಂತೆ."

"ಯಾಕಂತೆ?"

"ಇಕಾಮಾದಲ್ಲಿ ಕುರಿ ಕಾಯುವವ ಅಂತ ಉಂಟು." ಮತ್ತೆ, "ಬಂದದ್ದು ಆ ವೀಸಾದಲ್ಲಿ. ಕುರಿಯನ್ನು ಕಣ್ಣಲ್ಲಿ ನೋಡಿದ್ದು ಊಟದ ತಟ್ಟೆಯಲ್ಲಿ ಮಾತ್ರ. ನೀವು ಅಲ್ಲಿ ಯಾರಿಗಾದರೂ ಹೇಳಿ ನೋಡ್ತೀರಾ? ನಾನು ಇಲ್ಲೇ ಬೆಂಚಿನಲ್ಲಿ ಕೂತಿರ್ತೇನೆ. ಅವರನ್ನು ಮುಂದೆ ಕಳಿಸ್ತೇನೆ, ಮುಹೂರ್ತ ತಪ್ಪಬಾರದು" ಅಂದರು.

ನಾನು ನಗಲಿಲ್ಲ. ನನ್ನ ಸಿವಿಲ್ ಕಾರ್ಡಿನಲ್ಲಿ, ಅಂದರೆ ಇಕಾಮಾದ ಕಾರ್ಡಿನಲ್ಲಿ, ಏನುಂಟು ಅಂತ ಈಗ ಹೇಳಿಯೇ ಬಿಡ್ತೇನೆ. ಕೃಷಿ ಕೂಲಿ. ವಫ್ರಾದಲ್ಲಿ ನನ್ನ ದಣಿಯ ತಮ್ಮನದೊಂದು ತೋಟ ಉಂಟು, ಸೌತೆ, ಟೊಮೆಟೊ ಬೆಳೆಯುವುದು. ಆ ತೋಟದ ಲೆಕ್ಕದಲ್ಲಿ ನನ್ನ ವೀಸಾ. ಬಂದ ವರ್ಷ ಒಮ್ಮೆ ಆ ತೋಟ ನೋಡಿದ್ದೆ, ಅಲ್ಲೇ ತಗಡಿನ ಕೋಣೆಯಲ್ಲಿ ಮಲಗುವ ನಿಜವಾದ ಕೂಲಿಯವರ ಜೊತೆ ಚಹಾ ಕುಡಿದು ಬಂದಿದ್ದೆ. ಉಳಿದ ವರ್ಷಗಳೆಲ್ಲ ಆಫೀಸಿನ ಎ.ಸಿ.ಯಲ್ಲಿ. ಅಕ್ಕ ದೋಹಾಕ್ಕೆ ಬಾ ಬಾ ಅಂತ ಎಷ್ಟು ಸಲ ಕರೆದಿದ್ದಳು! ರಜೆ ಇಲ್ಲ ಅಂತ ಹೇಳ್ತಿದ್ದೆ. ರಜೆ ಇತ್ತು. ಕೂಲಿಗೆ ಆ ಗಡಿ ದಾಟಲಿಕ್ಕೆ ಇರಲಿಲ್ಲ. ಅವಳು ಊರಿಡೀ ತಮ್ಮ ಕುವೈತಿನಲ್ಲಿ ಮ್ಯಾನೇಜರ್ ಅಂತ ಹೇಳಿಕೊಂಡು ಬಂದಿದ್ದಳು. ನಾನು ಬೇಡ ಅನ್ನಲಿಲ್ಲ.

ಮೆಟ್ಟಿಲಿಗೆ ಬಂದು ದಣಿಗೆ ಫೋನ್ ಮಾಡಿದೆ. ಆ ಗಡಿಯಲ್ಲಿ ಅವನಿಗೆ ನಾಲ್ಕು ಜನರ ಪರಿಚಯ ಉಂಟು.

"ಯಾವ ಉದ್ಯೋಗ?" ಅಂತ ಕೇಳಿದ. ಹೇಳಿದೆ. ಜೋರಾಗಿ ನಕ್ಕ. "ನನ್ನ ಅಜ್ಜನೂ ಕುರಿ ಕಾಯುವವನೇ! ಆಗ ಈ ಒಕ್ಕೂಟವೂ ಇರಲಿಲ್ಲ, ಗಡಿಯೂ ಇರಲಿಲ್ಲ, ಹುಲ್ಲು ಎಲ್ಲಿ ಉಂಟೋ ಅಲ್ಲಿಗೆ ಹೋಗ್ತಿದ್ದ. ಈಗ ಬಂದರೆ ಅವನಿಗೂ ಕೊಡಲಿಕ್ಕಿಲ್ಲ." ಆಮೇಲೆ ದನಿ ಇಳಿಸಿದ. "ಕೇಳು ಮುದೀರ್. ಒಕ್ಕೂಟ ಇರುವುದು ನಮ್ಮ ಆರು ದೇಶದವರಿಗೆ. ನಾವೇ ಅದರೊಳಗೆ ಒಂದು ಕಾಲು ಹೊರಗಿಟ್ಟು ನಿಂತಿದ್ದೇವೆ. ನಿಮ್ಮನ್ನು ಯಾರು ಕೇಳ್ತಾರೆ? ಆ ಮನುಷ್ಯನಿಗಾಗಿ ನಾನು ಇವತ್ತು ಹೇಳಿದರೆ ನಾಳೆ ನಿನ್ನ ಕಾರ್ಡನ್ನೂ ಕೇಳ್ತಾರೆ. ಸುಮ್ಮನಿರು. ಖಲಾಸ್." ಕೋಪ ಬಂತು, ಉಗುಳು ನುಂಗಿದ ಹಾಗೆ ನುಂಗಿದೆ. ಅವನು ಹೇಳಿದ್ದು ಸುಳ್ಳೂ ಅಲ್ಲ.

ಹತ್ತೂಮುಕ್ಕಾಲಿಗೆ ಹುಡುಗ ಮತ್ತು ಅವನ ತಾಯಿ ಬಂದರು. ಹುಡುಗ ತೆಳ್ಳಗೆ, ಕಣ್ಣು ಕೆಂಪಾಗಿತ್ತು. ತಾಯಿ ಬಾಗಿಲಲ್ಲೇ ಕೈಮುಗಿದು, "ಅಣ್ಣನನ್ನು ಗಡಿಯಲ್ಲಿ ಬಿಟ್ಟು ಬಂದೆವು" ಅಂದರು. ಯಾಕೆ ಅಂತ ಅಕ್ಕ ಕೇಳಿದಳು. ಆ ತಾಯಿಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ ಅಂತ ಕಾಣ್ತದೆ, ಇದ್ದದ್ದು ಇದ್ದ ಹಾಗೆ ಹೇಳಿದರು.

ಅಕ್ಕನ ಮುಖ ನೋಡಬೇಕಿತ್ತು. "ಕುರಿ ಕಾಯುವುದಾ? ನಮಗೆ ಸ್ಟೋರ್ ಇನ್‌ಚಾರ್ಜ್ ಅಂತ ಹೇಳಿದ್ದಲ್ವಾ?"

"ಕೆಲಸ ಅದೇ ಅಕ್ಕ. ಕಾರ್ಡಿನಲ್ಲಿ ಬರೆದದ್ದು ಬೇರೆ. ಗಲ್ಫಿನಲ್ಲಿ ಎಲ್ಲರದ್ದೂ ಹಾಗೇ ಅಲ್ವಾ?" ಅಂದರು ಹುಡುಗನ ತಾಯಿ.

"ಎಲ್ಲರದ್ದು ಹಾಗಿಲ್ಲ" ಅಂದರು ಭಾವ. ಮಾತು ಕಡಿಮೆ ಆಡುವ ಮನುಷ್ಯ, ಆಡಿದರೆ ಲೆಡ್ಜರ್ ಮುಚ್ಚಿದ ಹಾಗೆ. "ನನ್ನದು ಅಕೌಂಟೆಂಟ್, ಕಾರ್ಡಿನಲ್ಲಿಯೂ ಅಕೌಂಟೆಂಟ್."

"ನನ್ನ ತಮ್ಮನದ್ದೂ ಹಾಗಿಲ್ಲ" ಅಂದಳು ಅಕ್ಕ. "ಇಷ್ಟು ವರ್ಷದಿಂದ ಮರ್ಯಾದೆಯಿಂದ ಇದ್ದಾನೆ. ಇವತ್ತು ಇದನ್ನು ಮುಚ್ಚಿಟ್ಟವರು ನಾಳೆ ಇನ್ನೇನು ಮುಚ್ಚಿಡ್ತಾರೋ."

ಹುಡುಗ ಆಗ ಬಾಯಿ ತೆರೆದ. "ನನಗೆ ಅಪ್ಪ, ಮಾವ ಎಲ್ಲ ಅವರೇ. ಅವರು ಏನಂತ ಬರೆಸಿಕೊಂಡು ಬಂದರೂ ನಾನು ಓದಿದ್ದು ಅವರ ಬೆವರಿನಲ್ಲಿ. ಅವರಿಗೆ ಮರ್ಯಾದೆ ಇಲ್ಲದ ಕಡೆ ನನಗೂ ಬೇಡ." ಒಳ್ಳೆಯ ಹುಡುಗ. ಅಷ್ಟರಲ್ಲೇ ಗೊತ್ತಾಗ್ತಿತ್ತು.

ನಾನು ಏನು ಮಾಡಿದೆ? ಸಂಧಾನ ಮಾಡಿದೆ. "ನೋಡುವ, ನೋಡುವ, ಹರಿವಾಣಕ್ಕೆ ಬೇರೆ ಹಿರಿಯರು ಕೂತರೂ ನಡೀತದೆ" ಅಂದೆ. ಅಕ್ಕನಿಗೆ, "ಅವರು ಬೇಕಂತ ಮಾಡಿದ್ದಲ್ಲ" ಅಂದೆ. ಆ ತಾಯಿಗೆ, "ಅಕ್ಕನಿಗೂ ಬೇಸರ ಆಗ್ತದಲ್ಲ" ಅಂದೆ. ಎಲ್ಲರಿಗೂ ನೀರು ಕೊಟ್ಟೆ. ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಪರ್ಸು ನನ್ನ ಕಿಸೆಯಲ್ಲೇ ಇತ್ತು, ಕಾರ್ಡು ಪರ್ಸಿನಲ್ಲೇ ಇತ್ತು.

ಅಕ್ಕನ ಮಗಳು ಇಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದವಳು ನೇರವಾಗಿ ನನ್ನ ಎದುರು ಬಂದಳು. ಅವಳಿಗೆ ದಾರಿ ಹೊಳೆದಿತ್ತು. ಬುದ್ಧಿವಂತೆ.

"ಮಾವ, ನಿಮ್ಮ ಕಾರ್ಡಿನಲ್ಲಿ ಎಂತ ಬರೆದಿದೆ?"

ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ ಕೇಳಿದಳು. ಎಲ್ಲರಿಗೂ ಗೊತ್ತಾಗಲಿ ಅಂತ. ಅವಳ ಕಣ್ಣಿನಲ್ಲಿ ಅಷ್ಟು ಆಸೆ ಇತ್ತು. ಬಡಗಿ ಅಂದರೂ ಸಾಕಿತ್ತು, ಡ್ರೈವರ್ ಅಂದರೂ ಸಾಕಿತ್ತು, ಅಕ್ಕನ ಬಾಯಿ ಮುಚ್ಚುತ್ತಿತ್ತು. ಅಕ್ಕ ನನ್ನ ಮುಖ ನೋಡ್ತಿದ್ದಳು, ಹೆಮ್ಮೆಯಿಂದ.

ಪೊಲೀಸರ ಹೆದರಿಕೆ ಅಂತ ಈಗ ಹೇಳಿ ತಪ್ಪಿಸಿಕೊಳ್ಳಬಹುದು. ಹೆದರಿಕೆ ಅಲ್ಲ. ಆ ಕೋಣೆಯಲ್ಲಿ ಇದ್ದವರಲ್ಲಿ ನನ್ನನ್ನು ಹಿಡಿದುಕೊಡುವವರು ಯಾರಿದ್ದರು? ನನಗೆ ಬೇಕಾದದ್ದು ಅಕ್ಕನ ಆ ನೋಟ.

"ಮ್ಯಾನೇಜರ್ ಅಂತ" ಅಂದೆ.

ಅವಳು ನಂಬಿದಳು. ತಲೆ ತಗ್ಗಿಸಿ ಒಳಗೆ ಹೋಗಿ, ಮುಡಿದ ಮಲ್ಲಿಗೆಯನ್ನು ತಾನೇ ತೆಗೆದಳು. ಅಕ್ಕ ಹರಿವಾಣದ ಮೇಲೆ ಬಟ್ಟೆ ಮುಚ್ಚಿದಳು. ಹುಡುಗನ ತಾಯಿ ಪಾಯಸ ಮುಟ್ಟಲಿಲ್ಲ. "ಬರ್ತೇವೆ" ಅಂತ ನನಗೊಬ್ಬನಿಗೇ ಹೇಳಿ ಹೊರಟರು. ಹುಡುಗ ಒಳಕೋಣೆಯ ಬಾಗಿಲನ್ನು ಒಮ್ಮೆ ನೋಡಿ ಮೆಟ್ಟಿಲು ಇಳಿದ. ಹನ್ನೆರಡಕ್ಕೆ ಇನ್ನೂ ಸಮಯ ಇತ್ತು.

ಅವರ ಕಾರು ಇನ್ನೂ ಬೀದಿ ದಾಟಿರಲಿಲ್ಲ, ಗಡಿಯಿಂದ ಮತ್ತೆ ಫೋನ್ ಬಂತು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

"ನಾನು ಇಲ್ಲೇ ಇದ್ದೇನೆ, ಯಾರೋ ನೀರು ಕೊಟ್ಟರು, ನನ್ನ ಚಿಂತೆ ಬೇಡ" ಅಂದರು ಹುಡುಗನ ಮಾವ. "ಅಲ್ಲಿ ಹೇಗುಂಟು?"

"ಆಗುವ ಹಾಗೆ ಕಾಣುವುದಿಲ್ಲ."

"ನನ್ನಿಂದಾಗಿಯಾ?" ಅಂದರು. ನಾನು ಪಾಯಸದ ಪಾತ್ರೆಗೆ ಮುಚ್ಚಳ ಹಾಕಿದೆ. "ನೀವು ಒಂದು ಮಾತು ಹೇಳಿ ನೋಡಿ. ನೀವು ಹುಡುಗಿಯ ಮಾವ, ಕಾಗದದ ಕೆಲಸ ಮಾಡುವವರು. ನಮ್ಮ ಕಾರ್ಡುಗಳ ಹಣೆಬರಹ ಇಷ್ಟೇ ಅಂತ ನೀವು ಹೇಳಿದರೆ ನಂಬ್ತಾರೆ."

"ಹೇಳಿದೆ ಮಾರಾಯ್ರೆ" ಅಂದೆ. "ಎಷ್ಟು ಹೇಳಿದರೂ ಕೇಳಲಿಲ್ಲ."

ಆಮೇಲೆ ಅವರು, "ನೀವೊಬ್ಬರಾದರೂ ನನ್ನ ಪರ ಮಾತಾಡಿದಿರಲ್ಲ. ದೊಡ್ಡ ಉಪಕಾರ ಆಯಿತು" ಅಂದರು.